ಟನ್ನಿಗೆ ಎಷ್ಟು ಗ್ರಾಂ ಎಂಬುದು ಅರ್ಧ ಉತ್ತರ: ಚಿನ್ನದ ನಿಕ್ಷೇಪದ ಸುದ್ದಿಯನ್ನು ಶಿಲೆಯ ಕಡೆಯಿಂದ ನೋಡುವುದು

2020ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಸೋನಭದ್ರ ಜಿಲ್ಲೆಯ ನೆಲದಡಿ ಸುಮಾರು 3,000 ಟನ್ ಚಿನ್ನವಿದೆ ಎಂಬ ಸುದ್ದಿ ದೇಶದ ಹೆಚ್ಚುಕಡಿಮೆ ಎಲ್ಲ ಭಾಷೆಗಳ ಪತ್ರಿಕೆಗಳಲ್ಲೂ ಬಂದಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಕೂಡಲೇ ಅದನ್ನು ನಿರಾಕರಿಸಿತು. ತಾನು 1998ರಿಂದ 2000ದವರೆಗೆ ಅಲ್ಲಿ ನಡೆಸಿದ ಶೋಧದಲ್ಲಿ ಅಂದಾಜಿಸಿದ್ದು 52,806 ಟನ್ ಅದಿರು, ಅದರಲ್ಲಿ ಟನ್ನಿಗೆ ಸರಾಸರಿ 3.03 ಗ್ರಾಂ ಚಿನ್ನ, ಅಂದರೆ ಒಟ್ಟು 160 ಕಿಲೋಗ್ರಾಂನಷ್ಟು ಎಂದು ಸ್ಪಷ್ಟಪಡಿಸಿತು. ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷಗಳಲ್ಲಿ ಕೊಟ್ಟ ಒಟ್ಟು ಚಿನ್ನವೇ ಸುಮಾರು 800 ಟನ್ ಎಂಬುದು ನೆನಪಿದ್ದವರಿಗೆ ಆ ಮೂರು ಸಾವಿರ ಟನ್ನಿನ ಲೆಕ್ಕ ಮೊದಲ ನೋಟಕ್ಕೇ ಅನುಮಾನ ಹುಟ್ಟಿಸಬೇಕಿತ್ತು. ಟನ್ನಿಗೆ ಮೂರು ಗ್ರಾಂ ಸಿಗುವ ಅದಿರಿನಿಂದ ಅಷ್ಟು ಚಿನ್ನ ತೆಗೆಯಲು ಸುಮಾರು ನೂರು ಕೋಟಿ ಟನ್ ಕಲ್ಲನ್ನು ಅರೆಯಬೇಕಾಗುತ್ತದೆ. ಸಮೀಕ್ಷೆ ಹೇಳಿದ 52,806 ಟನ್ ಎಂದರೆ ಒಂದು ಮೀಟರ್ ದಪ್ಪ, ಇನ್ನೂರು ಮೀಟರ್ ಉದ್ದ, ನೂರು ಮೀಟರ್ ಆಳದ ಒಂದೇ ಒಂದು ಅದಿರಿನ ಎಳೆಯಷ್ಟು.

ಚಿನ್ನದ ಬೆಲೆ ಏರುತ್ತಿರುವ ಈ ಕಾಲದಲ್ಲಿ ಕರ್ನಾಟಕದ ರಾಯಚೂರು, ಕೊಪ್ಪಳ, ಗದಗ, ಹಾವೇರಿ ಜಿಲ್ಲೆಗಳ ಹೆಸರಿನೊಂದಿಗೂ ಇಂಥ ಸುದ್ದಿಗಳು ಆಗಾಗ ಬರುತ್ತವೆ. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಂದ ತಿದ್ದುಪಡಿ, ಚಿನ್ನವೂ ಸೇರಿದಂತೆ ಆಳದಲ್ಲಿ ದೊರೆಯುವ ಹಲವು ಖನಿಜಗಳಿಗೆ ಪ್ರತ್ಯೇಕ ಶೋಧನಾ ಪರವಾನಗಿಯ ದಾರಿ ತೆರೆದ ಮೇಲೆ ಇಂಥ ಪ್ರಕಟಣೆಗಳು ಹೆಚ್ಚುವ ಸಾಧ್ಯತೆಯೇ ಹೆಚ್ಚು. ಪ್ರತಿ ಸುದ್ದಿಯಲ್ಲೂ ಎದ್ದು ಕಾಣುವುದು ಒಂದೇ ಅಂಕಿ, ಟನ್ನಿಗೆ ಇಷ್ಟು ಗ್ರಾಂ ಎಂಬುದು. ಆ ಅಂಕಿ ಎಷ್ಟು ದಪ್ಪದ ಕಲ್ಲಿಗೆ ಅನ್ವಯಿಸುತ್ತದೆ, ಆ ಕಲ್ಲು ಯಾವ ದಿಕ್ಕಿಗೆ ಎಷ್ಟು ದೂರ ಸಾಗುತ್ತದೆ, ಯಾವ ಓರೆಯಲ್ಲಿ ಕೆಳಗಿಳಿಯುತ್ತದೆ, ಎಲ್ಲಿ ಸತ್ತುಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಸುದ್ದಿಯಲ್ಲಿ ಉತ್ತರ ಸಿಗುವುದು ಅಪರೂಪ. ಈ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಶಿಲೆ ಹೇಗೆ ಬಾಗಿತು, ಹೇಗೆ ಸೀಳಿತು, ಹೇಗೆ ರೂಪಾಂತರಗೊಂಡಿತು ಎಂಬ ಚರಿತ್ರೆಯಲ್ಲಿ. ಆ ಚರಿತ್ರೆಯನ್ನು ತಿಳಿಯಲು ನಮಗೆ ದೇಶದಲ್ಲೇ ಅತ್ಯುತ್ತಮ ಉದಾಹರಣೆ ಇರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ.

ಹಟ್ಟಿ ಗಣಿ ಇರುವುದು ಹಟ್ಟಿ-ಮಸ್ಕಿ ಶಿಸ್ಟ್ ಪಟ್ಟಿಯಲ್ಲಿ, ಅಂದರೆ ಒತ್ತಡಕ್ಕೆ ಸಿಕ್ಕಿ ಪದರಪದರವಾಗಿ ಸೀಳುವ ಶಿಲೆಗಳ ಪಟ್ಟಿಯಲ್ಲಿ. ಧಾರವಾಡ ಭೂಖಂಡ ಎಂದು ಕರೆಯುವ, ದಕ್ಷಿಣ ಭಾರತದ ಪುರಾತನ ಶಿಲಾನೆಲೆಯ ಪೂರ್ವ ಭಾಗದಲ್ಲಿ ಗ್ರಾನೈಟು ಮತ್ತು ನೈಸ್ ಶಿಲೆಗಳ ವಿಸ್ತಾರದ ನಡುವೆ ಕಡುಹಸಿರು, ಕಪ್ಪು ಬಣ್ಣದ ಶಿಲೆಗಳ ಕಿರಿದಾದ ಪಟ್ಟಿಗಳು ಅಲ್ಲಲ್ಲಿ ಉಳಿದುಕೊಂಡಿವೆ. ಕೋಲಾರದ ಪಟ್ಟಿಯೂ ಇವುಗಳಲ್ಲೊಂದು. ಇವು ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿ ಹರಿದ ಬಸಾಲ್ಟ್ ಲಾವಾ ಹಾಗೂ ಅದರೊಂದಿಗೆ ಶೇಖರವಾದ ಇತರ ಶಿಲೆಗಳು. ಭೂಪದರ ಒತ್ತಿ ದಪ್ಪವಾದಂತೆ ಈ ಶಿಲೆಗಳು ಹಲವು ಕಿಲೋಮೀಟರ್ ಆಳಕ್ಕೆ ಇಳಿದು, ಕಾದು, ಹಿಂಡಲ್ಪಟ್ಟು, ಹೊಸ ಖನಿಜಗಳಾಗಿ ಮರುಹುಟ್ಟು ಪಡೆದವು. ಕಾವು ಕಡಿಮೆ ಇದ್ದಲ್ಲಿ ಬಸಾಲ್ಟು ಕ್ಲೋರೈಟ್ ತುಂಬಿದ ಹಸಿರು ಶಿಸ್ಟ್ ಆಯಿತು. ಕಾವು ಹೆಚ್ಚಿದ್ದಲ್ಲಿ ಹಾರ್ನ್‌ಬ್ಲೆಂಡ್ ತುಂಬಿದ ಕಪ್ಪು ಆಂಫಿಬೊಲೈಟ್ ಆಯಿತು. ಹಟ್ಟಿ ಮತ್ತು ಕೋಲಾರದ ಅದಿರನ್ನು ಹೊತ್ತಿರುವುದು ಬಹುಪಾಲು ಈ ಎರಡನೆಯ ಬಗೆಯ ಶಿಲೆ. ಗದಗದ ಕಡೆಯ ಶಿಲೆಗಳು ಮೊದಲನೆಯ, ಕಡಿಮೆ ಕಾವಿನ ಹಂತದಲ್ಲೇ ನಿಂತವು.

ರೂಪಾಂತರವೆಂದರೆ ಖನಿಜಗಳ ಬದಲಾವಣೆಯಷ್ಟೇ ಆಗಿದ್ದರೆ ಚಿನ್ನದ ಕಥೆಯೇ ಇರುತ್ತಿರಲಿಲ್ಲ. ಕ್ಲೋರೈಟ್ ತನ್ನ ಹರಳಿನೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುವ ಖನಿಜ. ಕಾವು ಏರಿ ಹಸಿರು ಶಿಸ್ಟ್ ಆಂಫಿಬೊಲೈಟ್ ಆಗುವ ಹಂತದಲ್ಲಿ ಕ್ಲೋರೈಟ್ ಒಡೆದು ಆ ನೀರು ಹೊರಬರುತ್ತದೆ. ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್, ಗಂಧಕ ಕಡಿಮೆಯಿರುವ ಪಿರೊಟೈಟ್ ಆಗಿ ಬದಲಾಗುವಾಗ ಗಂಧಕ ಬಿಡುಗಡೆಯಾಗುತ್ತದೆ. ಕಾರ್ಬೊನೇಟುಗಳು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ. ಹೀಗೆ ಹುಟ್ಟಿದ ಬಿಸಿ ದ್ರವದಲ್ಲಿ ಉಪ್ಪಿನಂಶ ಕಡಿಮೆ, ಗಂಧಕ ಹೆಚ್ಚು. ಚಿನ್ನವು ಗಂಧಕ ಮತ್ತು ಹೈಡ್ರೋಜನ್ ಸೇರಿದ ಸಂಯುಕ್ತವಾಗಿ ಅದರಲ್ಲಿ ಕರಗಿ ಪ್ರಯಾಣಿಸಬಲ್ಲದು. ಭೂಪದರದ ಸಾಮಾನ್ಯ ಶಿಲೆಯಲ್ಲಿ ಚಿನ್ನದ ಪ್ರಮಾಣ ಟನ್ನಿಗೆ ಕೆಲವೇ ಮಿಲಿಗ್ರಾಂ. ಟನ್ನಿಗೆ ಮೂರು ಗ್ರಾಂನ ಅದಿರು ರೂಪುಗೊಳ್ಳಬೇಕಾದರೆ ಆ ಚದುರಿದ ಚಿನ್ನ ಸಾವಿರ ಪಟ್ಟು ಒಂದೆಡೆ ಕೂಡಬೇಕು. ಈ ದ್ರವ ಸಂಪೂರ್ಣವಾಗಿ ರೂಪಾಂತರದಿಂದಲೇ ಬಂತೇ ಅಥವಾ ಅದೇ ಕಾಲದಲ್ಲಿ ಸುತ್ತಲೂ ಒಳನುಗ್ಗುತ್ತಿದ್ದ ಗ್ರಾನೈಟಿನ ಕೊಡುಗೆಯೂ ಇತ್ತೇ ಎಂಬ ಚರ್ಚೆ ಭೂವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಹಟ್ಟಿಯಲ್ಲಿ ಆಗಲೇ ನೀರು ಬಿಟ್ಟುಕೊಟ್ಟಿದ್ದ ಆಂಫಿಬೊಲೈಟ್ ಶಿಲೆಯೇ ಚಿನ್ನಕ್ಕೆ ಆಶ್ರಯವಾಗಿರುವುದರಿಂದ, ದ್ರವ ಹುಟ್ಟಿದ್ದು ಇನ್ನೂ ಆಳದಲ್ಲಿರಬೇಕು ಎಂಬುದು ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಆಳದಿಂದ ಏರುವ ದ್ರವ ಶಿಲೆಯ ಉದ್ದಗಲಕ್ಕೂ ಸಮನಾಗಿ ಹರಡುವುದಿಲ್ಲ. ಒತ್ತಡಕ್ಕೆ ಸಿಕ್ಕ ಶಿಲಾರಾಶಿ ಒಂದರ ಪಕ್ಕ ಒಂದು ಜಾರಿದ, ಅರೆದುಹೋದ ಕಿರಿದಾದ ಪಟ್ಟಿಗಳನ್ನು ಶಿಯರ್ ವಲಯಗಳೆನ್ನುತ್ತಾರೆ. ದ್ರವಕ್ಕೆ ದಾರಿ ಇವೇ. ಕುಕ್ಕರಿನಲ್ಲಿ ಆವಿ ತುಂಬಿ ಸೀಟಿ ಎದ್ದು ಒತ್ತಡ ಇಳಿದು ಮತ್ತೆ ತುಂಬುವಂತೆ, ಈ ವಲಯಗಳಲ್ಲಿ ದ್ರವದ ಒತ್ತಡ ಏರುತ್ತಾ ಹೋಗಿ ಶಿಲೆ ಬಿರಿಯುತ್ತದೆ, ಒತ್ತಡ ಥಟ್ಟನೆ ಕುಸಿಯುತ್ತದೆ, ದ್ರವದಲ್ಲಿದ್ದ ಸಿಲಿಕಾ ಬೆಣಚುಕಲ್ಲಾಗಿ ಹರಳುಗಟ್ಟಿ ಬಿರುಕನ್ನು ಮುಚ್ಚುತ್ತದೆ, ಮತ್ತೆ ಒತ್ತಡ ಏರುತ್ತದೆ. ಇದು ನೂರಾರು ಸಲ ಆಗಿರುವುದಕ್ಕೆ ಸಾಕ್ಷಿ ಬೆಣಚುಕಲ್ಲಿನ ಎಳೆಯಲ್ಲೇ ಇರುತ್ತದೆ. ಹಟ್ಟಿಯ ಅದಿರಿನಲ್ಲಿ ಕಾಣುವ ಬೆಣಚುಕಲ್ಲು ಅಚ್ಚ ಬಿಳಿಯ ಗಟ್ಟಿಯಲ್ಲ. ಅದರ ಮೈಯಲ್ಲಿ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಹಾದುಹೋಗಿರುತ್ತವೆ. ಪ್ರತಿ ಬಿರಿತದಲ್ಲೂ ಗೋಡೆಯ ಶಿಲೆಯಿಂದ ಸುಲಿದು ಒಳಗೆ ಸಿಕ್ಕಿಕೊಂಡ ತೆಳು ಪೊರೆಗಳು ಅವು. ಅನುಭವಿ ಶೋಧಕರು ಹೊಳೆಯುವ ದಪ್ಪ ಬಿಳಿ ಬೆಣಚುಕಲ್ಲಿಗಿಂತ ಈ ಗೆರೆಗೆರೆಯ, ಕೊಂಚ ಬೂದು ಛಾಯೆಯ ಕಲ್ಲಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಇದೇ ಕಾರಣಕ್ಕೆ.

ಎಳೆಯ ಪಕ್ಕದ ಶಿಲೆಯ ಕಡೆಗೂ ಅಷ್ಟೇ ಗಮನ ಬೇಕು. ಕೊರೆದು ತೆಗೆದ ಕಲ್ಲಿನ ಕೋಲನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ನೀರು ಚಿಮುಕಿಸಿದರೆ ಬದಲಾವಣೆ ಬರಿಗಣ್ಣಿಗೇ ಕಾಣುತ್ತದೆ. ಮೊದಲು ಕಪ್ಪು-ಹಸಿರಿನ ಗಡಸು ಆಂಫಿಬೊಲೈಟ್. ನಂತರ ಕ್ಲೋರೈಟ್ ಹೆಚ್ಚಿ ಮೆತ್ತಗಾಗುತ್ತಾ ಬರುವ ಭಾಗ. ಎಳೆ ಹತ್ತಿರವಾದಂತೆ ಕಂದು ಬಣ್ಣದ ಬಯೊಟೈಟ್ ಅಭ್ರಕದ ಮಿನುಗು. ಅದರ ನಡುವೆ ಬೆಳ್ಳಿಯ ಬಣ್ಣದ ಸಣ್ಣ ಸೂಜಿಗಳಂತೆ ಚುಚ್ಚಿಕೊಂಡಿರುವ, ಕಬ್ಬಿಣ, ಆರ್ಸೆನಿಕ್ ಮತ್ತು ಗಂಧಕ ಸೇರಿದ ಆರ್ಸೆನೊಪೈರೈಟ್, ಕಂಚಿನ ಬಣ್ಣದ ಪಿರೊಟೈಟ್. ಆಮೇಲೆ ಗೆರೆಗೆರೆಯ ಬೆಣಚುಕಲ್ಲು. ಈ ಸಾಲಿಗೆ ರಾಸಾಯನಿಕ ಅರ್ಥವಿದೆ. ದ್ರವದಲ್ಲಿದ್ದ ಗಂಧಕ ಬಸಾಲ್ಟಿನ ಕಬ್ಬಿಣದೊಂದಿಗೆ ಸೇರಿ ಸಲ್ಫೈಡ್ ಖನಿಜಗಳಾಯಿತು. ಚಿನ್ನವನ್ನು ಹೊತ್ತು ತಂದಿದ್ದ ಗಂಧಕವೇ ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಇಳಿಯಬೇಕಾಯಿತು. ಹಟ್ಟಿಯಲ್ಲಿ ಚಿನ್ನ ಬೆಣಚುಕಲ್ಲಿನಲ್ಲಷ್ಟೇ ಇರದೆ, ಬಯೊಟೈಟ್ ತುಂಬಿದ ಪಕ್ಕದ ಶಿಲೆಯಲ್ಲೂ ಇರುವುದಕ್ಕೆ ಇದೇ ಕಾರಣ. ಅಲ್ಲಿನ ಚಿನ್ನ ಸುಮಾರು 255 ಕೋಟಿ ವರ್ಷಗಳ ಹಿಂದೆ ಬಂದು ನೆಲೆಗೊಂಡಿತೆಂದು ಅದರೊಂದಿಗೆ ಬೆಳೆದ ಖನಿಜಗಳ ಕಾಲನಿರ್ಣಯ ಹೇಳುತ್ತದೆ.

ಹಟ್ಟಿಯ ರೀಫುಗಳು, ಅಂದರೆ ಗಣಿಯವರ ಮಾತಿನಲ್ಲಿ ಅದಿರಿನ ಎಳೆಗಳು, ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗಿ, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ಮೇನ್ ರೀಫ್, ಓಕ್ಲೀಸ್ ರೀಫ್, ಮಿಡ್ಲ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಎಂದು ಅವುಗಳಿಗೆ ಗಣಿಯವರು ಇಟ್ಟ ಹೆಸರುಗಳಿವೆ. ನಕ್ಷೆಯಲ್ಲಿ ಇವು ಉದ್ದನೆಯ ನೇರ ಗೆರೆಗಳಂತೆ ಕಂಡರೂ ಗೆರೆಯ ಉದ್ದಕ್ಕೂ ಅದಿರು ಸಮನಾಗಿ ಇರುವುದಿಲ್ಲ. ಶಿಯರ್ ವಲಯ ಎಲ್ಲಿ ಕೊಂಚ ಬಾಗಿತೋ, ಎಲ್ಲಿ ಗಡಸು ಶಿಲೆ ಮತ್ತು ಮೆದು ಶಿಲೆ ಸೇರುವ ಗಡಿಯನ್ನು ಅದು ಹಾದುಹೋಯಿತೋ ಅಲ್ಲಿ ಮಾತ್ರ ಬಿರುಕು ಅಗಲವಾಗಿ ತೆರೆದು ಹೆಚ್ಚು ದ್ರವ ಹರಿದಿರುತ್ತದೆ. ಇಂಥ ಸಮೃದ್ಧ ಭಾಗ ರೀಫಿನ ಸಮತಲದೊಳಗೆ ಕಿರಿದಾದ ಕಂಬದ ಆಕಾರದಲ್ಲಿ, ಹೆಚ್ಚಾಗಿ ಒಂದು ಪಕ್ಕಕ್ಕೆ ವಾಲಿಕೊಂಡು ಆಳಕ್ಕೆ ಇಳಿಯುತ್ತದೆ. ನೆಲದ ಮೇಲೆ ಮೂವತ್ತು ನಲವತ್ತು ಮೀಟರ್ ಉದ್ದಕ್ಕಷ್ಟೇ ಕಾಣುವ ಅದಿರು ನೂರಾರು ಮೀಟರ್ ಆಳಕ್ಕೆ ಹೋಗಿರಬಹುದು. ಒಂದು ಕಿಲೋಮೀಟರ್ ಉದ್ದಕ್ಕೂ ಚಿನ್ನದ ಸುಳಿವು ಕೊಡುವ ಎಳೆಯಲ್ಲಿ ತೆಗೆಯಲು ಯೋಗ್ಯವಾದದ್ದು ಒಂದು ಅಡಿಯೂ ಇಲ್ಲದಿರಬಹುದು. ವಾಲಿಕೆಯ ದಿಕ್ಕನ್ನು ಅರಿಯದೆ ಮೇಲೆ ಕಂಡ ಅದಿರಿನ ನೇರ ಕೆಳಗೆ ಕೊರೆದರೆ ಕೊರೆತ ಅದಿರನ್ನು ತಪ್ಪಿಸಿಕೊಂಡೇ ಹೋಗುತ್ತದೆ, ನಿಕ್ಷೇಪ ಆಳದಲ್ಲಿ ಮುಗಿದುಹೋಯಿತು ಎಂಬ ತಪ್ಪು ತೀರ್ಮಾನ ವರದಿಗೆ ಸೇರುತ್ತದೆ. ಶಿಲೆಯ ಮಡಿಕೆಗಳನ್ನೂ, ಹರಳುಗಳು ಚಾಚಿಕೊಂಡ ದಿಕ್ಕನ್ನೂ ದಿಕ್ಸೂಚಿ ಹಿಡಿದು ಅಳೆದು ಬರೆದಿಟ್ಟುಕೊಳ್ಳುವ ನಿಧಾನದ ಕೆಲಸ ಪ್ರಯೋಗಾಲಯದ ಫಲಿತಾಂಶದಷ್ಟೇ ಬೆಲೆಯುಳ್ಳದ್ದು. ಇಂದಿನ ಅವಸರದ ಶೋಧಗಳಲ್ಲಿ ಮೊದಲು ಕಡಿತಗೊಳ್ಳುವುದು ಆ ಕೆಲಸವೇ ಎಂಬುದು ನನ್ನ ನಿಜವಾದ ಆತಂಕ.

ಈಗ ಸುದ್ದಿಯ ಅಂಕಿಗೆ ಮರಳೋಣ. ಎಪ್ಪತ್ತು ಡಿಗ್ರಿ ಕಡಿದಾಗಿ ಇಳಿಯುವ, ನಿಜವಾಗಿ ಒಂದು ಮೀಟರ್ ದಪ್ಪವಿರುವ ಎಳೆಯನ್ನು ನೆಟ್ಟಗೆ ಕೆಳಗೆ ಕೊರೆದರೆ, ಕೊರೆತದ ಕೋಲಿನಲ್ಲಿ ಅದು ಸುಮಾರು 2.9 ಮೀಟರ್ ಉದ್ದಕ್ಕೆ ಕಾಣಿಸಿಕೊಳ್ಳುತ್ತದೆ. ಆ ಉದ್ದವನ್ನೇ ದಪ್ಪವೆಂದು ಪ್ರಕಟಿಸಿದರೆ ನಿಕ್ಷೇಪ ಕಾಗದದ ಮೇಲೆ ಮೂರು ಪಟ್ಟು ಹಿಗ್ಗುತ್ತದೆ. ಎಳೆಗೆ ಅಡ್ಡಲಾಗಿ ಬರುವಂತೆ ಓರೆಯಾಗಿ ಕೊರೆಯುವುದೂ, ಕೋನವನ್ನು ಅಳೆದು ನಿಜ ದಪ್ಪವನ್ನು ಲೆಕ್ಕ ಹಾಕುವುದೂ ಇದಕ್ಕಾಗಿಯೇ. ಇನ್ನೊಂದು ಲೆಕ್ಕ ಗಣಿಯೊಳಗಿನದು. ಅರ್ಧ ಮೀಟರ್ ದಪ್ಪದ ಎಳೆಯಲ್ಲಿ ಟನ್ನಿಗೆ 12 ಗ್ರಾಂ ಇದೆ ಎಂದುಕೊಳ್ಳೋಣ. ಭೂಗತ ಗಣಿಯಲ್ಲಿ ಮನುಷ್ಯರೂ ಯಂತ್ರವೂ ಕೆಲಸ ಮಾಡಲು ಒಂದೂವರೆ ಮೀಟರ್ ಅಗಲ ಬೇಕಾದರೆ, ಎಳೆಯೊಂದಿಗೆ ಒಂದು ಮೀಟರ್ ಬರಡು ಕಲ್ಲನ್ನೂ ಒಡೆದು ಮೇಲೆ ತರಬೇಕು. ಗಿರಣಿಗೆ ಬರುವ ಹೊತ್ತಿಗೆ ಹನ್ನೆರಡು ಗ್ರಾಂ ನಾಲ್ಕು ಗ್ರಾಂ ಆಗಿರುತ್ತದೆ. ಪಕ್ಕದ ಶಿಲೆಯಲ್ಲೂ ಚಿನ್ನವಿರುವ ಹಟ್ಟಿಯಂಥ ಕಡೆ ಈ ನಷ್ಟ ಕಡಿಮೆ. ಚಿನ್ನವೆಲ್ಲ ಬೆಣಚುಕಲ್ಲಿನೊಳಗೇ ಇರುವ ತೆಳು ಎಳೆಗಳಲ್ಲಿ ನಷ್ಟ ಪೂರ್ತಿ.

ಮಾದರಿಯ ವಿಷಯವೂ ಸೂಕ್ಷ್ಮ. ಪ್ರಯೋಗಾಲಯದಲ್ಲಿ ಕರಗಿಸಿ ಪರೀಕ್ಷಿಸುವುದು ಮೂವತ್ತೋ ಐವತ್ತೋ ಗ್ರಾಂ ಪುಡಿಯನ್ನು. ಕಣ್ಣಿಗೆ ಕಾಣುವಷ್ಟು ದೊಡ್ಡ ಚಿನ್ನದ ಕಣಗಳಿರುವ ಎಳೆಯಲ್ಲಿ ಒಂದು ಕಣ ಆ ಪುಡಿಗೆ ಸೇರಿದರೆ ಫಲಿತಾಂಶ ಆಕಾಶಕ್ಕೇರುತ್ತದೆ, ಸೇರದಿದ್ದರೆ ಸೊನ್ನೆಗಿಳಿಯುತ್ತದೆ. ಎರಡೂ ಆ ಎಳೆಯ ನಿಜ ಸ್ಥಿತಿಯನ್ನು ಹೇಳುವುದಿಲ್ಲ. ದೊಡ್ಡ ಮಾದರಿ ತೆಗೆದು ಒರಟು ಕಣಗಳನ್ನು ಜರಡಿ ಹಿಡಿದು ಬೇರೆಯಾಗಿ ಪರೀಕ್ಷಿಸುವುದು, ಒಂದೇ ಕೋಲಿನ ಎರಡನೆಯ ಅರ್ಧವನ್ನೂ ಪರೀಕ್ಷೆಗೆ ಕಳುಹಿಸುವುದು, ಅತಿರೇಕದ ಫಲಿತಾಂಶಗಳಿಗೆ ಮಿತಿ ಹಾಕಿ ಸರಾಸರಿ ತೆಗೆಯುವುದು, ಇವೆಲ್ಲ ಬಲ್ಲವರು ಪಾಲಿಸುವ ಕ್ರಮಗಳು. ನೆಲದ ಮೇಲೆ ಆಯ್ದು ತಂದ ಒಂದು ಕಲ್ಲಿನ ಫಲಿತಾಂಶವನ್ನು ಇಡೀ ನಿಕ್ಷೇಪದ ಗುಣವೆಂದು ಹೇಳುವುದಕ್ಕೂ ಈ ಕ್ರಮಗಳಿಗೂ ಸಂಬಂಧವೇ ಇಲ್ಲ.

ನಮ್ಮ ದೇಶದ ನಿಯಮಗಳಲ್ಲಿ ಶೋಧಕ್ಕೆ ನಾಲ್ಕು ಹಂತಗಳಿವೆ. ಜಿ4 ಎಂದರೆ ಪ್ರಾಥಮಿಕ ಪರಿಶೀಲನೆ. ಅಲ್ಲಿಂದ ಜಿ3, ಜಿ2 ದಾಟಿ ಜಿ1 ತಲುಪುವಷ್ಟರಲ್ಲಿ ಕೊರೆತಗಳ ನಡುವಿನ ಅಂತರ ಕಿರಿದಾಗುತ್ತಾ, ಅಂದಾಜಿನ ಮೇಲಿನ ಭರವಸೆ ಹೆಚ್ಚುತ್ತಾ ಹೋಗುತ್ತದೆ. ನಿಕ್ಷೇಪ ಪತ್ತೆ ಎಂಬ ತಲೆಬರಹದ ಕೆಳಗೆ ಇದು ಯಾವ ಹಂತದ ಅಂದಾಜು ಎಂಬ ಒಂದು ವಾಕ್ಯವಿದ್ದರೆ ಓದುಗರಿಗೆ ಎಷ್ಟೋ ಉಪಕಾರವಾಗುತ್ತದೆ. ಜಿ4 ಹಂತದಲ್ಲಿ ಹೇಳುವ ಟನ್ನುಗಳ ಲೆಕ್ಕ, ಹುಡುಕಾಟವನ್ನು ಮುಂದುವರಿಸಲು ಕಾರಣವಾಗಬಹುದೇ ಹೊರತು, ಊರಿನ ಭೂಮಿಯ ಬೆಲೆಯನ್ನೋ ಯುವಕರ ಉದ್ಯೋಗದ ನಿರೀಕ್ಷೆಯನ್ನೋ ನಿರ್ಧರಿಸಲು ಸಾಲುವುದಿಲ್ಲ.

ಈ ನೆಲದಲ್ಲಿ ಹುಡುಕಾಟ ಹೊಸದಲ್ಲ. ಹಟ್ಟಿಯ ಹಳೆಯ ಗುಂಡಿಗಳು 640 ಅಡಿ ಆಳದವರೆಗೂ ಇಳಿದಿದ್ದವು. ಅವುಗಳಲ್ಲಿ ಸಿಕ್ಕ ಮರದ ಕಾಲ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಲೋಕದ ಗಮನಕ್ಕೆ ತಂದ ಸಿ. ಬೀಡನ್ ಎಂಬಾತ ಚಿನ್ನದ ಶೋಧದಲ್ಲಿ ತೊಡಗಿದ್ದ ಎಂಜಿನಿಯರ್ ಎಂಬುದೂ ಇಲ್ಲಿ ನೆನೆಯತಕ್ಕ ಸಂಗತಿ. ಇಂದಿಗೂ ಶಿಸ್ಟ್ ಪಟ್ಟಿಯಲ್ಲಿ ಹಳೆಯ ಗುಂಡಿಗಳ ಸಾಲು, ಅದಿರು ಕುಟ್ಟಿದ ಕಲ್ಲಿನ ಕುಳಿಗಳು ಕಂಡರೆ ಶೋಧಕರು ಅದನ್ನು ದೊಡ್ಡ ಸುಳಿವೆಂದೇ ಭಾವಿಸುತ್ತಾರೆ. ಹಳಬರು ಬಿಟ್ಟುಹೋದದ್ದು ಅವರ ಕೈಗೆಟುಕದ ಆಳದ್ದು, ಅಂತರ್ಜಲದ ಕೆಳಗಿನದು, ಇಲ್ಲವೇ ಮೇಲಿನ ಎರೆಮಣ್ಣು ಮುಚ್ಚಿದ್ದು. ಎರೆಮಣ್ಣಿನಡಿ ಅಡಗಿದ ಎಳೆಗಳನ್ನು ಹುಡುಕಲು ಮಣ್ಣಿನಲ್ಲಿ ಆರ್ಸೆನಿಕ್ ಪ್ರಮಾಣವನ್ನು ಅಳೆಯುವ ವಿಧಾನ ತುಂಬ ಉಪಯುಕ್ತ, ಏಕೆಂದರೆ ಚಿನ್ನಕ್ಕಿಂತ ಆರ್ಸೆನಿಕ್ ಹೆಚ್ಚು ವಿಸ್ತಾರವಾಗಿ ಹರಡಿರುತ್ತದೆ.

ಗದಗದ ಕಪ್ಪತಗುಡ್ಡದಲ್ಲಿ ಚಿನ್ನದ ಗಣಿ ಬೇಕೇ ಬೇಡವೇ ಎಂಬ ಚರ್ಚೆಗೂ ಈ ಆರ್ಸೆನಿಕ್ ತಳಕು ಹಾಕಿಕೊಂಡಿದೆ. 1874ರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಡಂಬಳದ ಗುಡ್ಡಗಳ ಚಿನ್ನವನ್ನು ಪರಿಶೀಲಿಸಿದ್ದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಗಣಿಗಳು ನಡೆದು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಅಲ್ಲಿನ ಚಿನ್ನದ ಗಣನೀಯ ಭಾಗ ಆರ್ಸೆನೊಪೈರೈಟ್ ಮತ್ತು ಪೈರೈಟ್ ಹರಳುಗಳೊಳಗೆ ಅತಿ ಸೂಕ್ಷ್ಮವಾಗಿ ಸೆರೆಯಾಗಿರುವುದರಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ಸಾಮಾನ್ಯ ವಿಧಾನಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದನ್ನು ಹೊರತೆಗೆಯಲು ಅದಿರನ್ನು ಹುರಿಯುವ ಅಥವಾ ಬೇರೆ ರೀತಿಯಲ್ಲಿ ಸಲ್ಫೈಡನ್ನು ಒಡೆಯುವ ಹಂತ ಬೇಕು. ಅದಕ್ಕೆ ವೆಚ್ಚವೂ ಹೆಚ್ಚು, ಆರ್ಸೆನಿಕ್ ನಿರ್ವಹಣೆಯ ಹೊಣೆಯೂ ಹೆಚ್ಚು. ಗಣಿಗಾರಿಕೆಯ ವಿರುದ್ಧದ ಹೋರಾಟದ ಫಲವಾಗಿ 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಕಾಡು ಬೇಕೋ ಚಿನ್ನ ಬೇಕೋ ಎಂದು ಚರ್ಚೆಯನ್ನು ಕಟ್ಟುವ ಬದಲು, ಆ ಚಿನ್ನ ಯಾವ ಖನಿಜದೊಳಗೆ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದ್ದರೂ ಉತ್ತರದ ಬಹುಭಾಗ ಸಿಗುತ್ತಿತ್ತು ಎಂದು ನನಗನಿಸುತ್ತದೆ.

ಕೋಲಾರದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸೈನೈಡ್ ಗುಡ್ಡಗಳ ಲೆಕ್ಕವೇ ಬೇರೆ. ಅಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಆಗಲೇ ಅರೆದು ನೆಲದ ಮೇಲೆ ರಾಶಿ ಬಿದ್ದಿದೆ. ಎಳೆಯ ಆಕಾರ, ಓರೆ, ವಾಲಿಕೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಉಳಿದ ಚಿನ್ನ ಎಷ್ಟು, ಅದನ್ನು ತೆಗೆಯುವ ವೆಚ್ಚವೆಷ್ಟು, ಮರುಸಂಸ್ಕರಣೆಯ ಧೂಳು ಮತ್ತು ನೀರಿನ ಗತಿಯೇನು ಎಂಬುದಷ್ಟೇ ಉಳಿಯುತ್ತದೆ. ಅದನ್ನು ಹೊಸ ನಿಕ್ಷೇಪದ ಪತ್ತೆಯೆಂಬಂತೆ ಬರೆಯುವುದು ಸರಿಯಲ್ಲ. ಆಳದ ಗಣಿಯನ್ನು ಮತ್ತೆ ತೆರೆಯುವ ಮಾತು ಇನ್ನೂ ಬೇರೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಶಿಲಾಸ್ಫೋಟಗಳಿಗೆ ಹೆಸರಾಗಿ, 2001ರಲ್ಲಿ ಮುಚ್ಚಿದ ಗಣಿಯ ಕೆಳಗೆ ಇನ್ನೂ ಅದಿರಿರುವುದು ಸಾಧ್ಯವಾದರೂ, ಅಲ್ಲಿಗೆ ತಲುಪುವ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದ ಯಾವ ಅಂದಾಜಿಗೂ ಅರ್ಥವಿಲ್ಲ.

ಶೋಧಕನಿಗೆ ದಾರಿ ತೋರಿಸುವ ಆರ್ಸೆನಿಕ್ ಊರಿನ ಬಾವಿಯೊಳಗೆ ಬಂದಾಗ ಏನಾಗುತ್ತದೆ ಎಂಬುದನ್ನು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಅನುಭವಿಸಿದ್ದಾರೆ. ಮಂಗಳೂರು ಎಂಬ ಹಳ್ಳಿಯ ಹೆಸರಿನ ಶಿಸ್ಟ್ ಪಟ್ಟಿಯಲ್ಲಿ, ಹಿಂದೆ ಚಿನ್ನದ ಗಣಿ ನಡೆದಿದ್ದ ಜಾಗಕ್ಕೆ ಸಮೀಪದ ಈ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿ, ನಿವಾಸಿಗಳಲ್ಲಿ ಅದರ ವಿಷದ ಲಕ್ಷಣಗಳು ಕಂಡದ್ದು ವೈಜ್ಞಾನಿಕವಾಗಿ ದಾಖಲಾಗಿದೆ. ಆರ್ಸೆನೊಪೈರೈಟ್ ಇರುವ ಶಿಲೆಯಲ್ಲಿ ನೀರಿಗೆ ಆರ್ಸೆನಿಕ್ ಸಹಜವಾಗಿಯೂ ಸೇರಬಹುದು, ಅದಿರನ್ನು ಒಡೆದು ಗಾಳಿ ನೀರಿಗೆ ಒಡ್ಡಿದಾಗ ಹೆಚ್ಚಾಗಿಯೂ ಸೇರಬಹುದು. ಗಣಿಗಾರಿಕೆಗೆ ಮುಂಚಿನ ಅಳತೆ ಇಲ್ಲದಿದ್ದರೆ ಆಮೇಲೆ ಯಾವುದು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಬಹಳ ಕಷ್ಟ. ಶೋಧದ ಮೊದಲ ಹಂತದಲ್ಲೇ ಮಣ್ಣಿನ ಆರ್ಸೆನಿಕ್ ಅಳೆಯಲು ತಂಡಗಳು ಹೊಲಹೊಲ ತಿರುಗುತ್ತವೆ. ಅದೇ ತಂಡಗಳು ಅದೇ ಊರುಗಳ ತೆರೆದ ಬಾವಿ, ಕೊಳವೆಬಾವಿಗಳ ನೀರನ್ನೂ ಅಳೆದು, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಕೊಡುವುದನ್ನು ಪರವಾನಗಿಯ ಷರತ್ತಿನಲ್ಲೇ ಸೇರಿಸಬೇಕು. ಒಂದು ಕೊರೆತದ ವೆಚ್ಚದ ಮುಂದೆ ಆ ಪರೀಕ್ಷೆಗಳ ಖರ್ಚು ತೀರ ಅಲ್ಪ.